ಕೈಕೆಲಸದ ಪಿರಿಯಡ್ಡನ್ನು ಮಕ್ಕಳಿಗೇ ಬಿಡಿ: ಮಂಡ್ಯ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೂ ಪೋಷಕರಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು (ಆಡಳಿತ), ಶಾಲಾ ಶಿಕ್ಷಣ ಇಲಾಖೆ, ಮಂಡ್ಯ
ಹಾಗೂ ಜಿಲ್ಲೆಯ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪೋಷಕರು

ಮಾನ್ಯರೇ,

ಬೇಸಿಗೆ ರಜೆ ಮುಗಿಯುತ್ತಾ ಬಂತು. ಶಾಲೆ ತೆರೆಯುವ ವಾರ ಪ್ರತಿ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲೂ ಒಬ್ಬ ಮೇಷ್ಟ್ರು ಸ್ಕೇಲು, ಪೆನ್ಸಿಲ್ಲು, ರಬ್ಬರು ಇಟ್ಟುಕೊಂಡು ವೇಳಾಪಟ್ಟಿ ಹಾಕಲು ಕೂರುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಬೆಳಗಿನ ಪಿರಿಯಡ್ಡುಗಳು ಹೋಗುತ್ತವೆ. ಕನ್ನಡ, ಸಮಾಜ, ಹಿಂದಿ ನಡುವೆ ಕೂರುತ್ತವೆ. ಎಲ್ಲ ತುಂಬಿಸಿದ ಮೇಲೆ ಊಟದ ನಂತರದ, ಸಂಜೆ ಕಡೆಯ ಒಂದಷ್ಟು ಚೌಕ ಉಳಿಯುತ್ತವೆ. ಅಲ್ಲಿ ಕಾರ್ಯಶಿಕ್ಷಣ (ಹೊಲಿಗೆ, ತೋಟಗಾರಿಕೆಯಂಥ ಕೈಕೆಲಸ), ಚಿತ್ರಕಲೆ, ಸಂಗೀತ, ಕಂಪ್ಯೂಟರ್ ಅಂತ ಬರೆದು ಹಾಳೆಯನ್ನು ಹೆಡ್‌ಮಾಸ್ಟರ ಸಹಿಗೆ ಕಳಿಸುತ್ತಾರೆ. ಆ ಉಳಿದ ಚೌಕಗಳ ಬಗ್ಗೆ ನಾಲ್ಕು ಮಾತು ಹೇಳಬೇಕಿದೆ.

ನಾನು ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಇಲಾಖೆಯ ಕಡತದಲ್ಲಿ ವೃತ್ತಿ ಶಿಕ್ಷಕಿ, ಮಕ್ಕಳ ಬಾಯಲ್ಲಿ ಹೊಲಿಗೆ ಮಿಸ್, ಸಹೋದ್ಯೋಗಿಗಳ ಲೆಕ್ಕದಲ್ಲಿ ಯಾರು ರಜೆ ಹಾಕಿದರೂ ಅವರ ಕ್ಲಾಸಿಗೆ ಕಳಿಸಲು ಸದಾ ಸಿಗುವವಳು. ಯಾವುದೋ ಒಂದು ಶಾಲೆಯನ್ನೋ ಒಬ್ಬ ಹೆಡ್‌ಮಾಸ್ಟರನ್ನೋ ದೂರಲು ಇದನ್ನು ಬರೆಯುತ್ತಿಲ್ಲ. ನಾನಿದ್ದ ಶಾಲೆಗಳಲ್ಲಿ ನಡೆದದ್ದೇ ನನ್ನ ಜೊತೆಯ ಚಿತ್ರಕಲೆ, ತೋಟಗಾರಿಕೆ, ಸಂಗೀತದ ಶಿಕ್ಷಕರು ಇದ್ದಲ್ಲೂ ನಡೆಯುತ್ತಿತ್ತು. ನನ್ನ ಕೋರಿಕೆ ಇಷ್ಟೆ: ಮಕ್ಕಳು ಕೈಯಾರೆ ಮಾಡಿ ಕಲಿಯುವ ಪಿರಿಯಡ್ಡನ್ನು ಜೂನ್‌ನಿಂದ ಮಾರ್ಚ್‌ವರೆಗೂ ಯಾರೂ ಮುಟ್ಟಬಾರದು. ಮತ್ತೆ, ಯಾವ ಮಗು ಯಾವ ಕೆಲಸ ಕಲಿಯಬೇಕು ಅನ್ನುವುದನ್ನು ಅಂಕಪಟ್ಟಿ ನೋಡಿ ನಾವು ತೀರ್ಮಾನಿಸಬಾರದು. ಮಗು ಮೊದಲು ನೋಡಲಿ, ಮುಟ್ಟಲಿ, ಒಂದೆರಡು ಸಲ ಕೆಡಿಸಲಿ, ಆಮೇಲೆ ಆರಿಸಿಕೊಳ್ಳಲಿ.

ಪಿರಿಯಡ್ ಹೇಗೆ ಮಾಯವಾಗುತ್ತದೆ ಅನ್ನುವುದು ಶಾಲೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಜೂನ್, ಜುಲೈನಲ್ಲಿ ವೇಳಾಪಟ್ಟಿ ಇದ್ದ ಹಾಗೇ ನಡೆಯುತ್ತದೆ. ದಸರಾ ರಜೆ ಮುಗಿದ ಮೇಲೆ ಗಣಿತದವರು ಬಂದು, "ಮಿಸ್, ಇವತ್ತೊಂದಿನ ನಿಮ್ಮ ಪಿರಿಯಡ್ ಕೊಟ್ಬಿಡಿ, ಪೋರ್ಷನ್ ಹಿಂದೆ ಬಿದ್ದಿದೆ" ಅಂತಾರೆ. ಕೊಡದೆ ಇರಲಾಗುವುದಿಲ್ಲ. ಡಿಸೆಂಬರ್ ಹೊತ್ತಿಗೆ ಕೇಳುವುದೂ ನಿಂತು, ಅವರು ಚಾಕ್‌ಪೀಸ್ ಹಿಡಿದು ನೇರವಾಗಿ ಕ್ಲಾಸಿಗೇ ಹೋಗುತ್ತಾರೆ. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂತೆಂದರೆ ಹತ್ತನೇ ತರಗತಿಗೆ ಹೊಲಿಗೆಯೂ ಇಲ್ಲ, ಚಿತ್ರವೂ ಇಲ್ಲ, ಆಟವೂ ಇಲ್ಲ. ಗಣಿತದವರನ್ನು ನಾನು ಬೈಯಲಾರೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625 ಅಂಕ. ಜಿಲ್ಲೆ ರಾಜ್ಯಕ್ಕೆ ಎಷ್ಟನೇ ಸ್ಥಾನ ಅಂತ ಪೇಪರಿನಲ್ಲಿ ಬರುವುದೂ ಆ ಆರು ವಿಷಯದ ಪರೀಕ್ಷೆಯ ಫಲಿತಾಂಶದಿಂದಲೇ. ಕಾರ್ಯಶಿಕ್ಷಣ ಆ ಲೆಕ್ಕದಿಂದ ಆಚೆ. ಅದಕ್ಕೆ ಸಿಗುವುದು ಒಂದು ಗ್ರೇಡು ಮಾತ್ರ.

ಆ ಗ್ರೇಡಿನ ಕತೆಯನ್ನೂ ಹೇಳಿಬಿಡುತ್ತೇನೆ. ನಿರಂತರ ಮೌಲ್ಯಮಾಪನದಲ್ಲಿ ಭಾಗ-ಬಿ ಅಂತ ಒಂದಿದೆ. ದೈಹಿಕ ಶಿಕ್ಷಣ, ಕಲೆ, ಕಾರ್ಯಶಿಕ್ಷಣ ಎಲ್ಲ ಅದರಲ್ಲೇ ಬರುತ್ತವೆ. ಆ ವಹಿ ಎಷ್ಟೋ ಕಡೆ ತುಂಬುವುದು ಒಂದೇ ಸಂಜೆಯಲ್ಲಿ, ಒಂದೇ ಪೆನ್ನಿನಲ್ಲಿ. ಹಾಜರಾತಿಯ ಕ್ರಮಸಂಖ್ಯೆ ಪ್ರಕಾರ ಮೇಲಿಂದ ಕೆಳಗೆ ಎ, ಎ, ಎ+, ಎ. ಸೂಜಿಗೆ ದಾರ ಪೋಣಿಸಲು ಬಾರದ ಹುಡುಗಿಗೂ ಎ, ಇಡೀ ಅಂಗಿ ಹೊಲಿದವಳಿಗೂ ಎ. ಪರಿವೀಕ್ಷಣೆಗೆ ಬಂದವರು ವಹಿ ನೋಡಿ ಸಹಿ ಹಾಕುತ್ತಾರೆ. ಮಗು ಮಾಡಿದ ವಸ್ತು ಎಲ್ಲಿ ಅಂತ ಕೇಳಿದವರು ಅಪರೂಪ. ಒಬ್ಬ ವಿಷಯ ಪರಿವೀಕ್ಷಕರು ಮಾತ್ರ ಒಮ್ಮೆ ಮಕ್ಕಳು ಹೊಲಿದ ಬ್ಯಾಗನ್ನು ತಿರುಗಿಸಿ, ಒಳಹೊಲಿಗೆ ನೋಡಿ, ಹಿಡಿಯನ್ನು ಜಗ್ಗಿ ಪರೀಕ್ಷಿಸಿದರು. ಅವತ್ತು ಮಕ್ಕಳ ಮುಖ ನೋಡಬೇಕಿತ್ತು. ತಾವು ಮಾಡಿದ್ದು ಜಗ್ಗಿ ನೋಡುವಷ್ಟು ನಿಜವಾದದ್ದು ಅಂತ ಅವರಿಗೆ ಅನ್ನಿಸಿತ್ತು.

"ಹೊಲಿಗೆಯಲ್ಲಿ ಕಲಿಯೋಕೆ ಏನಿದೆ ಬಿಡಿ, ಎಸ್ಸೆಸ್ಸೆಲ್ಸಿ ಫೇಲಾದವರು ಟೈಲರಿಂಗ್ ಕ್ಲಾಸಿಗೆ ಹೋಗ್ತಾರೆ" ಅನ್ನುವವರಿಗೆ ಒಂದು ತೋಳಿನ ವಿಷಯ ಹೇಳುತ್ತೇನೆ.

ಒಂಬತ್ತನೇ ತರಗತಿಯಲ್ಲಿ ರವಿಕೆಯ ಕಟ್ಟಿಂಗ್. ಮೊದಲು ದಿನಪತ್ರಿಕೆಯ ಮೇಲೆ, ಆಮೇಲೆ ಬಟ್ಟೆಯ ಮೇಲೆ. ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಸಡಿಲಕ್ಕೆ ಇಷ್ಟು, ಹೊಲಿಗೆಗೆ ಇಷ್ಟು ಅಂತ ಸೇರಿಸಿ ಗುರುತು ಹಾಕಬೇಕು. ಕ್ಲಾಸಿಗೇ ಫಸ್ಟ್ ಬರುವ ಹುಡುಗಿಯೊಬ್ಬಳು ಈ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸಿದಳು. ತೋಳು ಕತ್ತರಿಸುವಾಗ ಬಟ್ಟೆಯನ್ನು ಎರಡು ಮಡಿಕೆ ಮಾಡದೆ, ಕಾಗದದ ನಮೂನೆಯನ್ನು ಒಂದಾದ ಮೇಲೊಂದರಂತೆ ಎರಡು ಸಲ ಇಟ್ಟು ಕತ್ತರಿ ಆಡಿಸಿದಳು. ತೋಳಿನ ತಲೆಯ ಭಾಗ ಮುಂದುಗಡೆ ಹೆಚ್ಚು ಆಳ, ಹಿಂದುಗಡೆ ಕಡಿಮೆ. ಕೂಡಿಸಲು ಹೋದರೆ ಎರಡೂ ಎಡಗೈ ತೋಳುಗಳೇ! ಒಂದನ್ನು ಮಗುಚಿ ಇಟ್ಟಳು. ಆಕಾರವೇನೋ ಬಲಗೈಯದ್ದಾಯಿತು, ಆದರೆ ಅದು ಹೂವಿನ ಪ್ರಿಂಟು, ಉಲ್ಟಾ ಮೇಲೆ ಬಂತು. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತು, "ಮಿಸ್, ಪ್ಲೇನ್ ಬಟ್ಟೆ ಆಗಿದ್ರೆ ನಡೀತಿತ್ತು ಅಲ್ವಾ?" ಅಂತ ಕೇಳಿದಳು. ಹೌದು, ನಡೆಯುತ್ತಿತ್ತು. ಕನ್ನಡಿಯ ಪ್ರತಿಬಿಂಬದಲ್ಲಿ ಎಡಬಲ ಅದಲುಬದಲಾಗುತ್ತದೆ ಅಂತ ವಿಜ್ಞಾನದ ಪರೀಕ್ಷೆಯಲ್ಲಿ ಅವಳು ಸರಿಯಾಗಿಯೇ ಬರೆದಿದ್ದಳು. ಅದು ಬಟ್ಟೆಗೂ ಅನ್ವಯಿಸುತ್ತದೆ, ಬಟ್ಟೆಯನ್ನು ಸೀದಾಮೈ ಒಳಗೆ ಬರುವಂತೆ ಮಡಿಚಿ ಒಂದೇ ಸಲ ಕತ್ತರಿಸಿದರೆ ಎಡವೂ ಬಲವೂ ತಾವಾಗಿಯೇ ಸಿಗುತ್ತವೆ ಅಂತ ಅವಳಿಗೆ ಹೊಳೆದದ್ದು ಅರ್ಧ ಮೀಟರ್ ಬಟ್ಟೆ ಹಾಳಾದ ಮೇಲೆ. ಆ ಅರ್ಧ ಮೀಟರ್ ಏನೂ ದುಬಾರಿಯಲ್ಲ.

ಹಾಗಾಗಿ, ಕೈಕೆಲಸದ ತರಗತಿ ದಡ್ಡರಿಗೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಮೊದಲ ರ‍್ಯಾಂಕಿನವರಿಗೂ ಬೇಕು, ಬಹುಶಃ ಅವರಿಗೇ ಹೆಚ್ಚು ಬೇಕು.

ಈಗ ಎನ್‌ಎಸ್‌ಕ್ಯುಎಫ್ ವಿಷಯಕ್ಕೆ ಬರುತ್ತೇನೆ. ಬಹಳ ಪೋಷಕರಿಗೆ ಈ ಹೆಸರೇ ಗೊತ್ತಿಲ್ಲ. 2013ರ ಕೊನೆಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಅದರಡಿ ನಮ್ಮ ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ವೃತ್ತಿಪರ ವಿಷಯಗಳು ಶುರುವಾದವು. ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್ ಕೇರ್, ಎಲೆಕ್ಟ್ರಾನಿಕ್ಸ್ ಅಂಡ್ ಹಾರ್ಡ್‌ವೇರ್, ಬಟ್ಟೆ ಮತ್ತು ಗೃಹಾಲಂಕಾರದ ಸಿದ್ಧ ಉಡುಪು, ಹೀಗೆ. ಒಳ್ಳೆಯದೇ. ಲ್ಯಾಬು ಬಂತು, ತರಬೇತುದಾರರು ಬಂದರು, ಹತ್ತನೇ ತರಗತಿಯಲ್ಲಿ ಮಂಡಳಿಯ ಪರೀಕ್ಷೆಯೂ ಇದೆ. ಕಾರ್ಯಶಿಕ್ಷಣಕ್ಕಿಲ್ಲದ ಮರ್ಯಾದೆ ಇದಕ್ಕೆ ಸಿಕ್ಕಿತು, ಯಾಕೆಂದರೆ ಇದು ಅಂಕದ ಲೆಕ್ಕಕ್ಕೆ ಬರುತ್ತದೆ.

ತೊಡಕು ಇರುವುದು ಬೇರೆ ಕಡೆ. ಈ ವಿಷಯವನ್ನು ತೃತೀಯ ಭಾಷೆಯ ಬದಲಿಗೆ ತೆಗೆದುಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ ನೋಡಿ, ತೃತೀಯ ಭಾಷೆಯ ದಿನವೇ ಇವುಗಳ ಪರೀಕ್ಷೆಯೂ ಇರುತ್ತದೆ. ಅಂದರೆ ಹಿಂದಿಯೂ ಬೇಕು, ಆಟೊಮೊಬೈಲೂ ಬೇಕು ಅನ್ನುವ ಮಗುವಿಗೆ ದಾರಿ ಇಲ್ಲ. ಆ ನಿಯಮವನ್ನು ಬದಲಿಸುವುದು ಜಿಲ್ಲಾ ಮಟ್ಟದಲ್ಲಿ ಆಗುವ ಮಾತಲ್ಲ, ಅದು ನನಗೂ ಗೊತ್ತು. ಆದರೆ ಆ ನಿಯಮ ಶಾಲೆಯೊಳಗೆ ಹೇಗೆ ಬಳಕೆಯಾಗುತ್ತದೆ ಅನ್ನುವುದು ನಮ್ಮ ಕೈಯಲ್ಲೇ ಇದೆ. ಎಂಟನೇ ತರಗತಿಯ ಅಂಕಪಟ್ಟಿ ತೆಗೆದು, ಹಿಂದಿಯಲ್ಲಿ ಪಾಸಾಗುವುದು ಕಷ್ಟ ಅನ್ನಿಸಿದವರ ಹೆಸರಿಗೆ ಟಿಕ್ ಹಾಕಿ, "ಇವರನ್ನ ಆಟೊಮೊಬೈಲಿಗೆ ಹಾಕೋಣ, ರಿಸಲ್ಟ್ ಉಳಿಯುತ್ತೆ" ಅಂತ ಮಾತಾಡಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹಿಂದಿಯ ವ್ಯಾಕರಣ ಹತ್ತದ ಹುಡುಗನಿಗೆ ಗೇರ್‌ಬಾಕ್ಸ್ ಹತ್ತೇ ಹತ್ತುತ್ತದೆ ಅನ್ನುವುದು ಯಾವ ಶಾಸ್ತ್ರ? ಇತ್ತ ಬೈಕಿನ ಕಾರ್ಬುರೇಟರ್ ಬಿಚ್ಚಿ ನೋಡಬೇಕೆಂದು ಚಡಪಡಿಸುವ ಜಾಣ ಹುಡುಗನಿಗೆ, "ನಿಂಗ್ಯಾಕಪ್ಪ ಅದು, ನೀನು ಹಿಂದಿಯಲ್ಲಿ ನೂರಕ್ಕೆ ನೂರು ತೆಗಿ" ಅಂತ ಬುದ್ಧಿ ಹೇಳಿ ಕಳಿಸುತ್ತಾರೆ. ಇಬ್ಬರನ್ನೂ ಯಾರೂ ಕೇಳಲಿಲ್ಲ.

ಹುಡುಗಿಯರ ಪಾಡು ಇದಕ್ಕಿಂತ ಸರಳ. ಎರಡು ವಿಷಯ ಇರುವ ಶಾಲೆಯಲ್ಲಿ ಒಂದು ಗಂಡುಮಕ್ಕಳದ್ದು, ಇನ್ನೊಂದು ಹೆಣ್ಣುಮಕ್ಕಳದ್ದು ಅಂತ ಮೊದಲ ದಿನವೇ ಹಂಚಿಕೆಯಾಗಿ ಹೋಗಿರುತ್ತದೆ. ನನ್ನ ಹೊಲಿಗೆ ಕ್ಲಾಸಿಗೆ ಗಂಡುಹುಡುಗರನ್ನು ಕೂರಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಬ್ಬ ತಂದೆ ಬಂದು, "ಏನ್ ಮಿಸ್, ನಮ್ಮೈದನ ಕೈಗೆ ಸೂಜಿ ಕೊಟ್ಟಿದ್ದೀರಂತೆ" ಅಂದರು. ಅವರು ಹಾಕಿಕೊಂಡಿದ್ದ ಅಂಗಿ ಹೊಲಿದವರು ಯಾರು ಅಂತ ಕೇಳಿದೆ. ಪೇಟೆ ಬೀದಿಯ ಒಬ್ಬ ಟೈಲರ್ ಹೆಸರು ಹೇಳಿದರು, ಆಮೇಲೆ ತಾವೇ ನಕ್ಕರು. ನಮ್ಮ ಊರುಗಳಲ್ಲಿ ಬೋರ್ಡು ಹಾಕಿಕೊಂಡು ಕೂತ ಟೈಲರುಗಳಲ್ಲಿ ಹೆಚ್ಚಿನವರು ಗಂಡಸರೇ. ಅಂಗಡಿಯಲ್ಲಿ ಹೊಲಿಗೆ ಗಂಡಸರ ಕಸುಬು, ಗಾರ್ಮೆಂಟ್ಸಿನ ಸಾಲಿನಲ್ಲಿ ಹೆಂಗಸರ ಕೂಲಿ, ಶಾಲೆಯಲ್ಲಿ ಹೆಣ್ಣುಮಕ್ಕಳ ಲಕ್ಷಣ! ಬೆಳಗಾಗೆದ್ದು ಗೆಜ್ಜಲಗೆರೆ ಕಡೆಗೆ ಗಾರ್ಮೆಂಟ್ಸ್ ವ್ಯಾನು ಹತ್ತುವ ಹೆಣ್ಣುಮಕ್ಕಳಲ್ಲಿ ನನ್ನ ಹಳೇ ವಿದ್ಯಾರ್ಥಿನಿಯರೂ ಇದ್ದಾರೆ. ಅವರಿಗೆ ಅಲ್ಲಿ ಸಿಗುವುದು ಒಂದೇ ಕೆಲಸ, ಕಾಲರ್ ಅಂದರೆ ದಿನವಿಡೀ ಕಾಲರ್. ಪೂರ್ತಿ ಅಂಗಿ ಕತ್ತರಿಸಿ ಹೊಲಿಯುವುದು ಗೊತ್ತಿದ್ದವಳು ಮಾತ್ರ ಮದುವೆಯಾಗಿ, ಮಗುವಾಗಿ, ಕೆಲಸ ಬಿಟ್ಟ ಮೇಲೂ ಮನೆಯ ಪಡಸಾಲೆಯಲ್ಲಿ ಒಂದು ಮಿಷನ್ ಇಟ್ಟುಕೊಂಡು ನಾಲ್ಕು ಕಾಸು ನೋಡುತ್ತಾಳೆ.

ಇನ್ನು ಪಠ್ಯವೇ ಬೇರೆ, ಊರೇ ಬೇರೆ ಆಗಿರುವುದು. ಮಂಡ್ಯದ ಮಗು ರೀಟೇಲ್ ಪುಸ್ತಕದಲ್ಲಿ ದೊಡ್ಡ ಅಂಗಡಿಯ ಕಪಾಟಿನಲ್ಲಿ ಸಾಮಾನು ಹೇಗೆ ಜೋಡಿಸಬೇಕೆಂದು ಓದುತ್ತದೆ. ಅದೇ ಮಗು ನಮ್ಮ ಎಪಿಎಂಸಿಯ ಬೆಲ್ಲದ ಹರಾಜಿನಲ್ಲಿ ಒಂದು ದಿನ ನಿಂತಿಲ್ಲ. ಅಚ್ಚು, ಬಕೆಟ್, ಕುರಿಕಟ್ಟು ಅಂತ ಬೇರೆ ಬೇರೆ ಬೆಲ್ಲಕ್ಕೆ ಬೇರೆ ಬೇರೆ ಧಾರಣೆ ಯಾಕೆ, ಬಣ್ಣ ನೋಡಿ ಬೆಲೆ ಕಟ್ಟುತ್ತಾರೋ ರುಚಿ ನೋಡಿಯೋ, ತೂಕದಲ್ಲಿ ಏನು ಕಳೆಯುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಅನ್ನುವುದನ್ನೆಲ್ಲ ಅರ್ಧ ದಿನ ನಿಂತು ನೋಡಿದರೆ ಪುಸ್ತಕದ ಮೂರು ಅಧ್ಯಾಯ ಅಲ್ಲೇ ಮುಗಿಯುತ್ತವೆ. ಸರ್ಕಾರವೇ ನಮ್ಮ ಜಿಲ್ಲೆಯ ಒಂದು ಉತ್ಪನ್ನ ಅಂತ ಗುರುತಿಸಿರುವುದು ಬೆಲ್ಲವನ್ನು.

ಒಂದು ವರ್ಷ ನಾನೂ ವಿಜ್ಞಾನದ ಮೇಷ್ಟ್ರೂ ಸೇರಿ ಹತ್ತನೇ ತರಗತಿಯವರನ್ನು ಹತ್ತಿರದ ಆಲೆಮನೆಗೆ ಕರೆದುಕೊಂಡು ಹೋದೆವು. ಆಗಷ್ಟೇ ಆಮ್ಲ, ಪ್ರತ್ಯಾಮ್ಲ, ಲವಣದ ಪಾಠ ಆಗಿತ್ತು. ಮೇಷ್ಟ್ರು ಜೇಬಿನಲ್ಲಿ ಪಿಎಚ್ ಕಾಗದ ಇಟ್ಟುಕೊಂಡಿದ್ದರು. ಗಾಣದಿಂದ ಬಿದ್ದ ಕಬ್ಬಿನ ಹಾಲಿಗೆ ಕಾಗದ ಅದ್ದಿ, ಪಟ್ಟಿಯ ಬಣ್ಣಕ್ಕೆ ಹಿಡಿದು ನೋಡಿದರೆ 5ರ ಹತ್ತಿರ. ಇಷ್ಟು ಸಿಹಿಯಾದದ್ದು ಆಮ್ಲವೇ ಅಂತ ಹುಡುಗರಿಗೆ ನಂಬಿಕೆಯೇ ಬರಲಿಲ್ಲ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿದ ಮೇಲೆ ಮತ್ತೆ ಅದ್ದಿದರು, ಬಣ್ಣ ಬದಲಾಗಿತ್ತು. ಸುಣ್ಣ ಬಿದ್ದು, ಕಾವು ಏರಿದ ಹಾಗೆಲ್ಲ ಕೊಳೆ ಮೇಲೆ ಬರತೊಡಗಿತು. ಬೆಂಡೆ ಗಿಡವನ್ನು ಜಜ್ಜಿ ನೀರಲ್ಲಿ ಹಿಂಡಿದ ಲೋಳೆಯನ್ನು ಬಿಟ್ಟಾಗ ಆ ಕೊಳೆ ಹೆಪ್ಪುಗಟ್ಟಿದ ಹಾಗೆ ಒಂದಾಗಿ ತೇಲಿತು, ಅದನ್ನು ಜಾಲರಿಯಲ್ಲಿ ತೆಗೆದು ಎಸೆದರು. ಹೈಡ್ರೋಸ್ ಹಾಕಿದರೆ ಬೆಲ್ಲ ಬೆಳ್ಳಗೆ ಬರುತ್ತದೆ, ಕೊಳ್ಳುವವರು ಬಿಳುಪನ್ನೇ ಕೇಳುತ್ತಾರೆ, ಅದಕ್ಕೇ ಹಾಕುತ್ತಾರೆ ಅಂತ ಮಾಲೀಕರು ಮುಚ್ಚುಮರೆ ಇಲ್ಲದೆ ಹೇಳಿದರು. ಅದು ಗಂಧಕದ ಸಂಯುಕ್ತ, ಆಹಾರದಲ್ಲಿ ಅದಕ್ಕೆ ಮಿತಿ ಇದೆ ಅಂತ ಮೇಷ್ಟ್ರು ವಿವರಿಸಿದರು.

ಮಜಾ ಬಂದದ್ದು ಆಮೇಲೆ. ಪಾಕ ಎಷ್ಟು ಡಿಗ್ರಿಗೆ ಇಳಿಸುತ್ತಾರೆ ನೋಡೋಣ ಅಂತ ಮೇಷ್ಟ್ರು ಶಾಲೆಯ ಲ್ಯಾಬಿನ ಥರ್ಮಾಮೀಟರ್ ತಂದಿದ್ದರು. ಅದರ ಅಳತೆ 110 ಡಿಗ್ರಿಗೇ ಮುಗಿಯುತ್ತದೆ. ಗಟ್ಟಿ ಬೆಲ್ಲದ ಪಾಕ ಇಳಿಸುವುದು 118ರ ಆಸುಪಾಸಿನಲ್ಲಿ. ಪಾದರಸ ಮೇಲೆ ಮುಟ್ಟುತ್ತಾ ಬಂದಾಗ ಮೇಷ್ಟ್ರು ಗಾಬರಿಯಾಗಿ ಅದನ್ನು ಎತ್ತಿಬಿಟ್ಟರು. ಹದ ನೋಡುತ್ತಿದ್ದ ಅಜ್ಜ ನಕ್ಕು, ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಅಂಚಿಗೆ ಬಡಿದು ಟಣ್ ಅನ್ನಿಸಿ, "ಇಳಿಸ್ರೋ" ಅಂದರು. ಮರುದಿನ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಮೇಷ್ಟ್ರು ಅರ್ಧ ಪಿರಿಯಡ್ ಬೋರ್ಡಿನ ಮೇಲೆ ಬರೆಯಬೇಕಾಯಿತು: ನೀರು 100 ಡಿಗ್ರಿಗೇ ಕುದಿಯುತ್ತೆ ಅಂತೀರಿ, ಕಬ್ಬಿನ ಹಾಲಲ್ಲೂ ಇರೋದು ನೀರೇ ತಾನೆ, ಅದ್ಯಾಕೆ 118ರವರೆಗೂ ಹೋಗುತ್ತೆ? ನೀರು ಆರಿದಷ್ಟೂ ಸಕ್ಕರೆಯ ಪಾಲು ಹೆಚ್ಚುತ್ತದೆ, ಪಾಲು ಹೆಚ್ಚಿದಷ್ಟೂ ಕುದಿಯುವ ಮಟ್ಟ ಮೇಲೇರುತ್ತದೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಬರುವ ಸಂಗತಿ ಹತ್ತನೇ ತರಗತಿಯವನ ಬಾಯಿಂದ ತಾನಾಗಿ ಬಂತು.

ಇಂಥದ್ದಕ್ಕೆ ನಮ್ಮಲ್ಲಿ ಜಾಗಕ್ಕೇನೂ ಬರವಿಲ್ಲ. ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರ ಇದೆ, ಕೆಆರ್‌ಎಚ್-2 ಹೈಬ್ರಿಡ್ ಭತ್ತ ರೂಪುಗೊಂಡದ್ದು ಅಲ್ಲೇ. ಮೆಂಡಲನ ಬಟಾಣಿಯನ್ನು ಉರು ಹೊಡೆಯುವ ಮಕ್ಕಳು ಹೈಬ್ರಿಡ್ ಬೀಜದ ತಾಕಿನಲ್ಲಿ ಗಂಡುಸಾಲು, ಹೆಣ್ಣುಸಾಲು ಹೇಗೆ ನೆಡುತ್ತಾರೆ, ಹೂ ಬಿಟ್ಟ ಹೊತ್ತಿನಲ್ಲಿ ಹಗ್ಗ ಎಳೆದು ಪರಾಗ ಯಾಕೆ ಉದುರಿಸುತ್ತಾರೆ ಅಂತ ಒಮ್ಮೆ ನೋಡಬಾರದೇ? ಮೇಲುಕೋಟೆಯ ಮಗ್ಗಗಳಿವೆ. ಪ್ರತಿ ಹೋಬಳಿಯಲ್ಲೂ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇದೆ. ಫ್ಲೆಮಿಂಗನ ಎಡಗೈ ನಿಯಮಕ್ಕೆ ಬೆರಳು ಮೂರು ಕಡೆ ಚಾಚಿ ಕೂರುವ ಮಕ್ಕಳಿಗೆ ಸುಟ್ಟ ಕಾಯಿಲಿನ ಒಂದು ಮೋಟಾರ್ ಬಿಚ್ಚಿ ತೋರಿಸುವವರು ಶಾಲೆಯಿಂದ ಕೂಗಳತೆಯಲ್ಲೇ ಸಿಗುತ್ತಾರೆ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಒಂದನ್ನು ನಾನು ತುಂಬಾ ಗೌರವಿಸುತ್ತೇನೆ. ಆಲೆಮನೆಗೆ ಹೋಗಿಬಂದ ಮೇಲೆ ಒಬ್ಬ ತಾಯಿ ಶಾಲೆಗೆ ಬಂದು ಹೇಳಿದರು: "ಕಬ್ಬು ಕಡಿದು ಕಡಿದು ನಮ್ಮ ಸೊಂಟ ಬಿದ್ದೋಯ್ತು ಕಣ್ ಮಿಸ್. ನಮ್ಮ ಐಕ್ಳಾದ್ರೂ ಅದ್ರಿಂದ ತಪ್ಪಿಸ್ಕೊಳ್ಲಿ ಅಂತ ಸ್ಕೂಲಿಗೆ ಕಳಿಸಿದ್ರೆ, ನೀವು ಮತ್ತೆ ಅಲ್ಲಿಗೇ ಕರ್ಕೊಂಡೋದ್ರಾ?" ಆಕೆಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪಕ್ಕದ ಮದರಾಸು ರಾಜ್ಯದಲ್ಲಿ 1953ರಲ್ಲಿ ರಾಜಾಜಿಯವರು ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಅನ್ನುವ ಯೋಜನೆ ತಂದರು. ಜಾತಿಗೊಂದು ಕಸುಬನ್ನು ಶಾಲೆಯೇ ಗಟ್ಟಿ ಮಾಡಿದಂತಾಗುತ್ತದೆ ಅಂತ ಜನ ಸಿಡಿದೆದ್ದರು, ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಸರಿಯಾಗಿಯೇ ಆಯಿತು.

ನಾನು ಕೇಳುತ್ತಿರುವುದು ಅದಕ್ಕೆ ತದ್ವಿರುದ್ಧವಾದದ್ದು. ಅಪ್ಪನ ಕಸುಬು ಮಗನಿಗೆ ಬೇಡ, ಬೇರೆಯವರ ಕಸುಬು ಬರಲಿ. ಆಲೆಮನೆಯವರ ಮಗಳು ಕಂಪ್ಯೂಟರ್ ಬಿಚ್ಚಲಿ, ಡಾಕ್ಟರ ಮಗ ಹೊಲಿಗೆ ಮಿಷನ್ನಿನ ಬಾಬಿನ್ ಸುತ್ತಲಿ, ಜಮೀನ್ದಾರರ ಮಗ ಮೋಟಾರಿನ ಕಾಯಿಲ್ ಕಟ್ಟಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಮಾತ್ರ ಕೈಕೆಲಸ, ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕೋಚಿಂಗ್ ಅಂತಾದರೆ ಆ ತಾಯಿಯ ಅನುಮಾನವೇ ನಿಜವಾಗುತ್ತದೆ. ಉಪನಿರ್ದೇಶಕರಾದ ತಮ್ಮ ವ್ಯಾಪ್ತಿಗೆ ಅನುದಾನಿತ, ಅನುದಾನರಹಿತ ಶಾಲೆಗಳೂ ಬರುತ್ತವಲ್ಲ, ಅಲ್ಲಿಯ ವೇಳಾಪಟ್ಟಿಯನ್ನೂ ದಯವಿಟ್ಟು ತರಿಸಿ ನೋಡಿ. ಇನ್ನೊಂದು ಮಾತು: ನೋಡುವುದು, ಕೇಳುವುದು, ಶಿಕ್ಷಕರ ಎದುರಿಗೆ ಮಾಡುವುದು ಪಾಠ. ಗಾಣಕ್ಕೆ ಕಬ್ಬು ಕೊಡುವುದು, ಕೊಪ್ಪರಿಗೆ ಎತ್ತುವುದು ಪಾಠವಲ್ಲ. ಗಾಣದಲ್ಲಿ ಕೈ ಕಳೆದುಕೊಂಡವರನ್ನು ಕಂಡ ಜಿಲ್ಲೆ ಇದು. ಮಕ್ಕಳ ಮತ್ತು ಯಂತ್ರದ ನಡುವೆ ಒಂದು ಹಗ್ಗ ಕಟ್ಟಿ ನಿಲ್ಲಿಸಬೇಕು, ಅಷ್ಟು ಎಚ್ಚರ ಬೇಕೇ ಬೇಕು.

ಈ ಯಾವ ಮಾತೂ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದರು, 1952-53ರ ಮುದಲಿಯಾರ್ ಆಯೋಗ ಹೇಳಿತು, 1964-66ರ ಕೊಠಾರಿ ಆಯೋಗ ಹೇಳಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಹೇಳಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಶಾಲೆ ಅಂತ ಸೇರಿಸಿತು. ಮುದಲಿಯಾರ್ ಆಯೋಗದ ಮಾತಿನಿಂದ ಹುಟ್ಟಿದ, ಓದಿನ ಜೊತೆ ಕಸುಬನ್ನೂ ಕಲಿಸುವ ವಿವಿಧೋದ್ದೇಶ (ಮಲ್ಟಿಪರ್ಪಸ್) ಶಾಲೆಗಳಿಗೆ ಶಿಕ್ಷಕರನ್ನು ತಯಾರು ಮಾಡಲೆಂದೇ 1963ರಲ್ಲಿ ದೇಶದ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಶುರುವಾದವು: ಅಜ್ಮೀರ್, ಭೋಪಾಲ್, ಭುವನೇಶ್ವರ, ನಾಲ್ಕನೆಯದು ಮೈಸೂರು. ಅದಕ್ಕೇ ಅಲ್ಲಿಯ ಪ್ರಾತ್ಯಕ್ಷಿಕಾ ಶಾಲೆಯ ಹೆಸರಿನಲ್ಲಿ ಇವತ್ತಿಗೂ ಮಲ್ಟಿಪರ್ಪಸ್ ಅಂತ ಇದೆ. ಮಂಡ್ಯದಿಂದ ಒಂದು ಗಂಟೆಯ ದಾರಿ. ನಮ್ಮ ಮುಖ್ಯ ಶಿಕ್ಷಕರ ಒಂದು ತಂಡ ಅಲ್ಲಿಗೆ ಹೋಗಿ, ಯಾವುದು ಉಳಿಯಿತು, ಯಾವುದು ಯಾಕೆ ಬಿದ್ದುಹೋಯಿತು ಅಂತ ಕೇಳಿಕೊಂಡು ಬಂದರೆ ಯಾವ ಸುತ್ತೋಲೆಗಿಂತಲೂ ಉಪಯೋಗ.

ದುಡ್ಡಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಮಕ್ಕಳು ಉಪಕರಣ ಹಿಡಿದು ತಾವೇ ಮಾಡಿ ಕಲಿಯಲೆಂದು ಕೇಂದ್ರ ಸರ್ಕಾರ ತಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನವಿದೆ. ನಾನು ಕಂಡ ಒಂದು ಶಾಲೆಯಲ್ಲಿ ಆ ದುಡ್ಡಿನ ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ ಕವರಿನೊಳಗೇ ಇತ್ತು, ಬೀಗದ ಕೈ ಮುಖ್ಯ ಶಿಕ್ಷಕರ ಹತ್ತಿರ. ಹಾಳಾದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಲ್ಲ ಅನ್ನುವ ಹೆದರಿಕೆ. ಬಳಸಿ ಹಾಳಾದ ಉಪಕರಣಕ್ಕೆ ಯಾರನ್ನೂ ಹೊಣೆ ಮಾಡುವುದಿಲ್ಲ ಅಂತ ತಾವೊಂದು ಮಾತು ಬರೆದು ಕಳಿಸಿದರೆ ಜಿಲ್ಲೆಯಲ್ಲಿ ಎಷ್ಟೋ ಬೀಗ ತೆರೆಯುತ್ತವೆ. ಕೊರತೆ ಇರುವುದು ಜನರದ್ದು. ನನ್ನಂಥವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಇನ್ನೊಬ್ಬರು ಬರುವುದಿಲ್ಲ. ನನ್ನ ಜಾಗಕ್ಕೂ ಯಾರೂ ಬರಲಿಲ್ಲ, ಮಿಷನ್ನುಗಳು ಸ್ಟೋರ್ ರೂಮಿಗೆ ಹೋದವು. ಹುದ್ದೆ ತುಂಬುವುದು ಬೆಂಗಳೂರಿನ ಕೆಲಸ. ಅಲ್ಲಿಯವರೆಗೆ ಊರಿನ ಟೈಲರ್, ವೈಂಡಿಂಗ್‌ನವರು, ಬಡಗಿ ಆಚಾರ್ರು ವಾರಕ್ಕೊಂದು ಮಧ್ಯಾಹ್ನ ಬರಲು ಎಸ್‌ಡಿಎಂಸಿ ಏರ್ಪಾಡು ಮಾಡಬಹುದು. ಅವರ ಅರ್ಧ ದಿನದ ದುಡಿಮೆ ತಪ್ಪುತ್ತದೆ, ಗೌರವಧನ ಕೊಡಲೇಬೇಕು. ಸನ್ಮಾನ ಮಾಡಿ, ಹಾರ ಹಾಕಿ ಕಳಿಸಿದರೆ ಎರಡನೇ ವಾರ ಯಾರೂ ಬರುವುದಿಲ್ಲ.

ವೇಳಾಪಟ್ಟಿ ಹಾಕುವ ಮೇಷ್ಟ್ರಿಗೂ ಒಂದು ವಿನಂತಿ. 40 ನಿಮಿಷದಲ್ಲಿ ಮಿಷನ್ ಹೊರಗೆ ತಂದು, ಬೆಲ್ಟ್ ಏರಿಸಿ, ದಾರ ಪೋಣಿಸುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ವಾರದಲ್ಲಿ ಎರಡು ಕಡೆ ಒಂದೊಂದು ಪಿರಿಯಡ್ ಕೊಡುವ ಬದಲು ಒಂದೇ ದಿನ ಎರಡನ್ನು ಜೋಡಿಸಿಕೊಡಿ. ಎಂಟನೇ ತರಗತಿಯವರನ್ನು ಗುಂಪು ಮಾಡಿ, ಶಾಲೆಯಲ್ಲಿ ಇರುವ ಅಷ್ಟೂ ಕೆಲಸದ ಮುಂದೆ ಕೆಲವು ವಾರದಂತೆ ಕೂರಿಸಿ. ಹುಡುಗರು, ಹುಡುಗಿಯರು ಅಂತ ಗುಂಪು ಬೇಡ. ಎನ್‌ಎಸ್‌ಕ್ಯುಎಫ್ ಲ್ಯಾಬ್ ಇರುವ ಶಾಲೆ ಶನಿವಾರ ಅಕ್ಕಪಕ್ಕದ ಶಾಲೆಯ ಎಂಟನೇ ತರಗತಿಯವರಿಗೂ ಬಾಗಿಲು ತೆರೆಯಲಿ. ಒಂಬತ್ತಕ್ಕೆ ಬರುವಾಗ ಮಗು, ಪೋಷಕರು, ಶಿಕ್ಷಕರು ಕೂತು ಮಾತಾಡಿ ಆಯ್ಕೆಯ ಅರ್ಜಿ ತುಂಬಲಿ, ಆ ಮೇಜಿನ ಮೇಲೆ ಹಿಂದಿಯ ಅಂಕಪಟ್ಟಿ ಇರುವುದು ಬೇಡ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಜನವರಿಯಲ್ಲಿ ಹೇಳದೆ ಕೇಳದೆ ಒಂದು ಶಾಲೆಗೆ ಹೋಗಿ, ವೇಳಾಪಟ್ಟಿಯ ಆ ಚೌಕದಲ್ಲಿ ಬರೆದ ತರಗತಿ ನಿಜಕ್ಕೂ ನಡೆಯುತ್ತಿದೆಯೋ ಅಲ್ಲಿ ಗಣಿತ ನಡೆಯುತ್ತಿದೆಯೋ ನೋಡಲಿ. ವಹಿ ಆಮೇಲೆ ನೋಡಬಹುದು, ಮೊದಲು ಮಕ್ಕಳು ಮಾಡಿದ ವಸ್ತುವನ್ನು ತರಿಸಿ ಜಗ್ಗಿ ನೋಡಲಿ.

ನನ್ನಿಂದ ಆಗುವುದನ್ನೂ ಹೇಳಿಬಿಡುತ್ತೇನೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ತಾಲ್ಲೂಕಿನ ಯಾವ ಪ್ರೌಢಶಾಲೆ ಕರೆದರೂ ವಾರಕ್ಕೊಂದು ದಿನ ಬಂದು ಕಲಿಸುತ್ತೇನೆ. ಪಿಂಚಣಿ ಬರುತ್ತದೆ, ಗೌರವಧನ ಬೇಡ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಮಾತೂ ಇಲ್ಲ. ಸ್ಟೋರ್ ರೂಮಿನಲ್ಲಿರುವ ಮಿಷನ್ನನ್ನು ಹೊರಗೆ ತೆಗೆಸಿ, ಎಣ್ಣೆ ಬಿಟ್ಟು, ಹೊಸ ಬೆಲ್ಟ್ ಹಾಕಿಸಿಟ್ಟಿರಿ. ಬಟ್ಟೆ ಚೂರು ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಶಿಕ್ಷಕಿ
ಮಂಡ್ಯ